‘ಅಮ್ಮಾ, ಹಾಕು’: ಯೊರುಬಾ ಊಟದಂಗಡಿಯ ಚರಿತ್ರೆ

ನೈಜೀರಿಯಾದ ಇಬಾದಾನ್ ನಗರದಲ್ಲಿ ಮಧ್ಯಾಹ್ನದ ಹೊತ್ತು ಊಟದಂಗಡಿಯನ್ನು ಬೋರ್ಡು ನೋಡಿ ಹುಡುಕಬೇಕಾಗಿಲ್ಲ. ತಗಡಿನ ಮಾಡು, ಮರದ ಉದ್ದನೆಯ ಬೆಂಚುಗಳು, ಒಲೆಯ ಹೊಗೆ, ದೊಡ್ಡ ದೊಡ್ಡ ಪಾತ್ರೆಗಳ ಹಿಂದೆ ತಲೆಗೆ ಬಟ್ಟೆ ಸುತ್ತಿ ಕುಳಿತ ಒಬ್ಬ ಮಹಿಳೆ, ಅವರ ಮುಂದೆ ಸಾಲಾಗಿ ನಿಂತ ಜನ. ಇಷ್ಟಿದ್ದರೆ ಅದು ‘ಬುಕಾ’. ಹೌಸಾ ಭಾಷೆಯಲ್ಲಿ ಈ ಪದಕ್ಕೆ ಗುಡಿಸಲು, ಚಪ್ಪರ ಎಂಬ ಅರ್ಥವಿದೆ. ಯೊರುಬಾ ಜನರ ನಾಡಾದ ನೈರುತ್ಯ ನೈಜೀರಿಯಾದಲ್ಲಿ ಅದು ಬಡವರೂ ಬಲ್ಲವರೂ ಉಣ್ಣುವ ಸಾದಾ ಊಟದಂಗಡಿಯ ಹೆಸರು. ಬ್ಯಾಂಕಿನ ಅಧಿಕಾರಿ, ಬಸ್ಸಿನ ಕಂಡಕ್ಟರ್, ಕಾಲೇಜು ವಿದ್ಯಾರ್ಥಿ, ಗಾರೆ ಕೆಲಸದವನು ಒಂದೇ ಬೆಂಚಿನಲ್ಲಿ ಮೊಣಕೈ ತಾಗಿಸಿಕೊಂಡು ಕುಳಿತಿರುತ್ತಾರೆ.

ಅಲ್ಲಿ ಮೆನು ಕಾರ್ಡು ಇರುವುದಿಲ್ಲ. ಗಿರಾಕಿ ಪಾತ್ರೆಗಳನ್ನು ನೋಡಿ ಬೆರಳು ತೋರಿಸುತ್ತಾನೆ. ಮುದ್ದೆ ಎಷ್ಟು, ಮಾಂಸದ ತುಂಡು ಎಷ್ಟು ಎಂದು ಒಂದೊಂದನ್ನೂ ಹೇಳುತ್ತಾನೆ. ಪ್ರತಿಯೊಂದಕ್ಕೂ ಬೇರೆ ಬೇರೆ ದರ. ಸಾರು ಕಡಿಮೆಯಾಯಿತು ಎನಿಸಿದರೆ ‘ಅಮ್ಮಾ, ಇನ್ನೂ ಸ್ವಲ್ಪ ಹಾಕು’ ಎಂದು ರಾಗ ಎಳೆಯುತ್ತಾನೆ. ಈ ಮಾತೇ ಕಾಲಕ್ರಮೇಣ ಅಂತಹ ಮಹಿಳೆಯರ ಹೆಸರಾಗಿಬಿಟ್ಟಿತು. ನೈಜೀರಿಯಾದ ಇಂಗ್ಲಿಷಿನಲ್ಲಿ ಅವರನ್ನು ‘ಮಾಮಾ ಪುಟ್’ ಎನ್ನುತ್ತಾರೆ. ನೊಬೆಲ್ ಪ್ರಶಸ್ತಿ ಪಡೆದ ಯೊರುಬಾ ಲೇಖಕ ವೊಲೆ ಸೋಯಿಂಕಾ 1995ರಲ್ಲಿ ರಂಗಕ್ಕೆ ಬಂದ ತಮ್ಮ ಒಂದು ನಾಟಕದಲ್ಲಿ ಇದೇ ಹೆಸರಿನ ಪಾತ್ರವನ್ನು ಸೃಷ್ಟಿಸಿದರು. 2020ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ‘ಬುಕಾ’ ಮತ್ತು ‘ಮಾಮಾ ಪುಟ್’ ಎರಡಕ್ಕೂ ತನ್ನ ಪುಟಗಳಲ್ಲಿ ಜಾಗ ಕೊಟ್ಟಿತು.

ನಿಘಂಟು ಪದವನ್ನು ದಾಖಲಿಸಿತು. ಆದರೆ ಆ ಪಾತ್ರೆಗಳ ಹಿಂದೆ ಕುಳಿತ ಮಹಿಳೆಯರ ಚರಿತ್ರೆಯನ್ನು ರಾಜರ ಚರಿತ್ರೆಯ ಹಾಗೆ ಯಾರೂ ಸಾಲಾಗಿ ಬರೆದಿಟ್ಟಿಲ್ಲ. ಅದನ್ನು ತಟ್ಟೆಯಲ್ಲಿರುವ ತಿನಿಸುಗಳಿಂದಲೇ ಹುಡುಕಿ ತೆಗೆಯಬೇಕಾಗುತ್ತದೆ. ಹಾಗೆ ಹುಡುಕಹೊರಟರೆ ‘ಸಾಂಪ್ರದಾಯಿಕ ಊಟ’ ಎಂದು ನಾವು ಸಲೀಸಾಗಿ ಕರೆಯುವ ವಸ್ತುವಿನೊಳಗೆ ಯುದ್ಧ, ಗುಲಾಮಗಿರಿ, ಸಾಗರಯಾನ ಮತ್ತು ಮರಳಿ ಬಂದವರ ಕಣ್ಣೀರು ಎಲ್ಲವೂ ಸಿಗುತ್ತವೆ.

ತಟ್ಟೆಯಲ್ಲಿ ಏನಿದೆ?

ಇಬಾದಾನಿನ ಬುಕಾಗಳಲ್ಲಿ ಅಗ್ರಸ್ಥಾನ ‘ಅಮಲಾ’ಗೆ. ನಮ್ಮ ರಾಗಿಮುದ್ದೆಯನ್ನು ಕಂಡವರಿಗೆ ಅಮಲಾವನ್ನು ವಿವರಿಸುವುದು ಸುಲಭ. ಬಣ್ಣವೂ ಹೆಚ್ಚುಕಡಿಮೆ ಅದೇ ಕಂದು, ಆದರೆ ಮುದ್ದೆ ಇನ್ನಷ್ಟು ಮೆತ್ತಗೆ. ರಾಗಿಯ ಬದಲು ಅದಕ್ಕೆ ಬಳಸುವುದು ಯಾಮ್ ಎಂಬ ಗಡ್ಡೆ. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಮರಕ್ಕೆ ಹಬ್ಬಿಸುವ ಬಳ್ಳಿಯ ಗೆಣಸಿನ ಜಾತಿಗೆ ಸೇರಿದ್ದು. ಗಡ್ಡೆಯ ಸಿಪ್ಪೆ ಸುಲಿದು, ಹೋಳು ಮಾಡಿ, ಅರೆಬೇಯಿಸಿ, ಅದೇ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಲು ಬಿಟ್ಟು, ಆಮೇಲೆ ಕಲ್ಲಿನಂತೆ ಗಟ್ಟಿಯಾಗುವ ತನಕ ಬಿಸಿಲಿನಲ್ಲಿ ಒಣಗಿಸುತ್ತಾರೆ. ಅದನ್ನು ಬೀಸಿದರೆ ಸಿಗುವ ಹಿಟ್ಟು ‘ಎಲುಬೊ’. ಹಸಿ ಗಡ್ಡೆ ಬಿಳಿ, ಮುದ್ದೆ ಮಾತ್ರ ಕಂದು. ವರ್ಷಕ್ಕೊಮ್ಮೆ ಕೀಳುವ ಮತ್ತು ಬೇಗ ಕೊಳೆಯುವ ಗಡ್ಡೆಯನ್ನು ತಿಂಗಳುಗಟ್ಟಲೆ ಕಾಪಿಡಲು ರೈತಾಪಿ ಹೆಂಗಸರು ಕಂಡುಕೊಂಡ ಉಪಾಯವಿದು. ಕುದಿಯುವ ನೀರಿಗೆ ಹಿಟ್ಟು ಸುರಿದು ಮರದ ಕೋಲಿನಿಂದ ಗಂಟಿಲ್ಲದಂತೆ ತಿರುವುವ ಕೆಲಸಕ್ಕೆ ತೋಳಿನ ಬಲ ಬೇಕು. ಹಳೆಯ ಮೈಸೂರಿನ ಯಾವ ಗೃಹಿಣಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮಲಾದ ಜೊತೆಗೆ ಎರಡು ಸಾರುಗಳು. ಒಂದು ‘ಎವೆಡು’. ಇದು ಸೆಣಬಿನ ಜಾತಿಯ ಗಿಡದ ಎಳೆ ಎಲೆ. ಬೇಯಿಸಿ, ಸಣ್ಣ ಕಡ್ಡಿಯ ಪೊರಕೆಯಿಂದ ಪಾತ್ರೆಯೊಳಗೇ ಬಡಿದು ಲೋಳೆಯಾಗಿಸುತ್ತಾರೆ. ಈಜಿಪ್ಟಿನವರ ‘ಮುಲೂಖಿಯಾ’ ಇದೇ ಎಲೆಯದ್ದು. ಕೊಲ್ಲಿ ನಾಡುಗಳಲ್ಲಿ ದುಡಿದು ಬಂದ ನಮ್ಮ ಅನೇಕರು ಅದನ್ನು ಕಂಡಿರುತ್ತಾರೆ. ಎರಡನೆಯದು ‘ಗ್ಬೆಗಿರಿ’. ಸಿಪ್ಪೆ ತೆಗೆದ ಅಲಸಂದೆ ಕಾಳನ್ನು ನುಣ್ಣಗೆ ಬೇಯಿಸಿದ ಹಳದಿ ಸಾರು. ಹಸಿರು ಮತ್ತು ಹಳದಿ ಸಾರುಗಳ ಮೇಲೆ ಮೆಣಸಿನಕಾಯಿ, ಟೊಮೆಟೊ, ತಾಳೆ ಎಣ್ಣೆಯ ಕೆಂಪು ಗೊಜ್ಜು ಹಾಕಿದರೆ ಮೂರೂ ಸೇರಿ ‘ಅಬುಲಾ’ ಆಯಿತು. ಅದರ ಮೇಲೆ ಮಾಂಸ. ಅದರಲ್ಲೂ ನಮ್ಮಲ್ಲಿ ಬೋಟಿ ಎನ್ನುವ ಹೊಟ್ಟೆಯ ಭಾಗ ಮತ್ತು ‘ಪೊನ್ಮೊ’ ಎಂಬ ಬೇಯಿಸಿದ ದನದ ಚರ್ಮ. ಬಡವರ ಮಾಂಸವೆನಿಸಿದ ಪೊನ್ಮೊವನ್ನು ಇಂದು ಶ್ರೀಮಂತರೂ ಕೇಳಿ ಹಾಕಿಸಿಕೊಳ್ಳುತ್ತಾರೆ. ಬಲಗೈ ತೊಳೆದುಕೊಂಡು, ಮುದ್ದೆಯ ತುಣುಕು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. ರಾಗಿಮುದ್ದೆಯ ರೀತಿಯೂ ಅದೇ ಅಲ್ಲವೆ?

ಯೊರುಬಾ ಜನರಲ್ಲಿ ಊಟಗಳಿಗೆ ಶ್ರೇಣಿ ಹೇಳುವ ಒಂದು ಗಾದೆ ಇದೆ. ಕುಟ್ಟಿದ ಯಾಮಿನ ಬಿಳಿ ಮುದ್ದೆಯೇ ನಿಜವಾದ ಊಟ, ಅಮಲಾ ಔಷಧಿ, ಏನೂ ಸಿಗದ ದಿನ ಜೋಳದ ಗಂಜಿಯ ಗಟ್ಟಿ ಎಂದು ಅದರ ತಾತ್ಪರ್ಯ. ಎಕಿಟಿ ಮತ್ತು ಒಂಡೊ ಕಡೆಯವರಿಗೆ ಕುಟ್ಟಿದ ಯಾಮ್ ಪ್ರಿಯ. ಇಬಾದಾನ್ ಮತ್ತು ಓಯೊ ಕಡೆಯವರಿಗೆ ಅಮಲಾ. ಇಜೆಬು ಕಡೆಯವರಿಗೆ ಮರಗೆಣಸಿನ ಗಾರಿ. ಊರು ಯಾವುದೆಂದು ಕೇಳದೆ, ತಟ್ಟೆ ನೋಡಿಯೇ ಹೇಳಬಹುದು ಎನ್ನುತ್ತಾರೆ.

ಇಬ್ನು ಬತೂತ ಕಂಡ ಹೆಂಗಸರು

ಹೆಂಗಸರು ಬೀದಿಯಲ್ಲಿ ಆಹಾರ ಮಾರುವುದು ಪಶ್ಚಿಮ ಆಫ್ರಿಕಾದಲ್ಲಿ ಬಹಳ ಹಳೆಯ ಪದ್ಧತಿ. ಅದಕ್ಕೆ ಸಾಕ್ಷಿ ಹೇಳುವವರಲ್ಲಿ ನಮಗೆ ಪರಿಚಿತನಾದ ಒಬ್ಬ ಪ್ರವಾಸಿಯೂ ಇದ್ದಾನೆ. 1342ರ ಸುಮಾರಿಗೆ ನಮ್ಮ ಹೊನ್ನಾವರಕ್ಕೆ ಬಂದಿದ್ದ ಇಬ್ನು ಬತೂತ ಅಲ್ಲಿನ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಸಾವಧಾನವಾಗಿ ವರ್ಣಿಸಿದ್ದಾನೆ. ತಾಮ್ರದ ತಟ್ಟೆ, ಸೌಟಿನಿಂದ ಬಡಿಸುವ ಅನ್ನ, ಅದರ ಮೇಲೆ ತುಪ್ಪ, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು. ಅನ್ನವೇ ಅಲ್ಲಿನ ಆಹಾರವಾದ್ದರಿಂದ ಹನ್ನೊಂದು ತಿಂಗಳು ರೊಟ್ಟಿ ತಿನ್ನದೆ ಕಳೆದೆ ಎಂದೂ ಬರೆದಿದ್ದಾನೆ.

ಅದಾದ ಹತ್ತು ವರ್ಷಗಳಲ್ಲಿ, 1352-53ರಲ್ಲಿ ಅದೇ ಇಬ್ನು ಬತೂತ ಸಹಾರಾ ಮರುಭೂಮಿ ದಾಟಿ ಮಾಲಿ ಸಾಮ್ರಾಜ್ಯಕ್ಕೆ ಹೋದ. ಅಲ್ಲಿ ದಾರಿಗೆ ಬುತ್ತಿ ಕಟ್ಟಿಕೊಳ್ಳುವ ಅಗತ್ಯವೇ ಇಲ್ಲ, ಯಾವ ಹಳ್ಳಿ ತಲುಪಿದರೂ ಹೆಂಗಸರು ಧಾನ್ಯ, ಹಾಲು, ಕೋಳಿ, ಅಕ್ಕಿ, ಅಲಸಂದೆಯ ಹಿಟ್ಟು ಹಿಡಿದು ಮಾರಲು ಬರುತ್ತಾರೆ ಎಂದು ಅವನು ದಾಖಲಿಸಿದ. ಅವನು ಯೊರುಬಾ ನಾಡಿನವರೆಗೆ ಹೋಗಲಿಲ್ಲ. ಅದು ಮಾಲಿಯಿಂದ ಇನ್ನೂ ಆಗ್ನೇಯಕ್ಕೆ, ಬಹಳ ದೂರ. ಆದರೆ ಆ ದಾರಿಯ ವ್ಯಾಪಾರಿಗಳು ಹೋದರು. ಅವರೊಂದಿಗೆ ಇಸ್ಲಾಮ್ ಕೂಡ ಹೋಯಿತು. ಯೊರುಬಾ ಭಾಷೆಯಲ್ಲಿ ಮುಸ್ಲಿಮರಿಗೆ ‘ಇಮಾಲೆ’ ಎನ್ನುತ್ತಾರೆ. ‘ಮಾಲಿಯಿಂದ ಬಂದದ್ದು’ ಎಂಬ ಅರ್ಥದಿಂದ ಈ ಪದ ಹುಟ್ಟಿತೆಂದು ಅನೇಕ ವಿದ್ವಾಂಸರು ವಿವರಿಸುತ್ತಾರೆ. ಖಡ್ಗಕ್ಕೆ ಮೊದಲು, ಯಾವ ಸುಲ್ತಾನನಿಗೂ ಮೊದಲು, ಅಲ್ಲಿಗೆ ಧರ್ಮವನ್ನು ಹೊತ್ತು ತಂದವರು ಸಂತೆಗೆ ಬಂದ ವ್ಯಾಪಾರಿಗಳು.

ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಪ್ರವಾಸಿಗಳು ಮತ್ತು ಮಿಶನರಿಗಳು ಯೊರುಬಾ ಪಟ್ಟಣಗಳ ಸಂಜೆಯ ಸಂತೆಗಳನ್ನು ಬೆರಗಿನಿಂದ ಬಣ್ಣಿಸಿದ್ದಾರೆ. ಸಣ್ಣ ಎಣ್ಣೆದೀಪಗಳನ್ನು ಮುಂದಿಟ್ಟುಕೊಂಡು ಬೇಯಿಸಿದ ಆಹಾರ ಮಾರುವ ಹೆಂಗಸರ ಸಾಲು ಅವರ ಕಣ್ಣಿಗೆ ಬಿದ್ದಿತ್ತು. 1937-38ರಲ್ಲಿ ಇಫೆ ಪಟ್ಟಣದಲ್ಲಿ ನೆಲೆಸಿ ಅಧ್ಯಯನ ನಡೆಸಿದ ಅಮೆರಿಕದ ಮಾನವಶಾಸ್ತ್ರಜ್ಞ ವಿಲಿಯಂ ಬಾಸ್ಕಮ್ 1951ರಲ್ಲಿ ಯೊರುಬಾ ಆಹಾರ ಮತ್ತು ಅಡುಗೆಯ ಮೇಲೆ ಎರಡು ಪ್ರಬಂಧಗಳನ್ನೇ ಪ್ರಕಟಿಸಿದರು. ಮನೆಯಲ್ಲಿ ಒಲೆ ಹಚ್ಚದೆ ಬೆಳಗಿನ ಉಪಾಹಾರವನ್ನು ಬೀದಿಯಿಂದ ತರಿಸುವುದು ಯೊರುಬಾ ಜನರಿಗೆ ಆಧುನಿಕತೆಯಿಂದ ಬಂದ ಅಭ್ಯಾಸವಲ್ಲ. ಪಟ್ಟಣವಾಸಿಗಳಾದ ಅವರ ಹಳೆಯ ರೂಢಿ. ಅಂದರೆ ಬುಕಾ ಹೊಸದಲ್ಲ. ಹೆಸರು ಮಾತ್ರ ಹೊಸದು.

ಯುದ್ಧದ ಊರು

ಅಮಲಾಕ್ಕೆ ಹೆಸರಾದ ಇಬಾದಾನ್ ಹುಟ್ಟಿದ್ದು ಯುದ್ಧದಿಂದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಓಯೊ ಎಂಬ ದೊಡ್ಡ ಯೊರುಬಾ ಸಾಮ್ರಾಜ್ಯ ಒಳಜಗಳಗಳಿಂದ ಕುಸಿಯಿತು. ಉತ್ತರದ ಇಲೊರಿನ್ ಪ್ರತ್ಯೇಕಗೊಂಡು ಮುಸ್ಲಿಮ್ ಅಮೀರರ ಆಡಳಿತಕ್ಕೆ ಹೋಯಿತು. ದಕ್ಷಿಣಕ್ಕೆ ಓಡಿಬಂದ ಯೋಧರು, ನಿರಾಶ್ರಿತರು 1829ರ ಸುಮಾರಿಗೆ ಒಂದು ಬೆಟ್ಟದ ಸುತ್ತ ಬಿಡಾರ ಹೂಡಿದರು. ಆ ಸೇನಾ ಬಿಡಾರವೇ ಬೆಳೆದು ಇಬಾದಾನ್ ಆಯಿತು. ಬೇರೆ ಬೇರೆ ಊರುಗಳಿಂದ ಮನೆ ಕಳೆದುಕೊಂಡು ಬಂದವರು ಒಟ್ಟಾಗಿ ಕಟ್ಟಿದ ನಗರವದು. ‘ಇಬಾದಾನಿನ ಸಾಂಪ್ರದಾಯಿಕ ಊಟ’ ಎಂದಾಗ ನೆನಪಿಡಬೇಕಾದ ಸಂಗತಿಯೆಂದರೆ, ಆ ನಗರಕ್ಕೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ.

ಆ ನಗರವನ್ನು ಉಣಿಸಿದ್ದು ಯಾರು? ಉತ್ತರ ಕಹಿಯಾಗಿದೆ. ಯುದ್ಧದಲ್ಲಿ ಸೆರೆಸಿಕ್ಕವರಲ್ಲಿ ಅನೇಕರನ್ನು ಕರಾವಳಿಗೆ ಒಯ್ದು ಮಾರಲಾಯಿತು. ಉಳಿದವರನ್ನು ಹೊಲಗಳಲ್ಲಿ ದುಡಿಸಿಕೊಳ್ಳಲಾಯಿತು. ಇಬಾದಾನಿನ ಹೆಂಗಸರ ನಾಯಕಿಯಾಗಿ ‘ಇಯಾಲೊದೆ’ ಎಂಬ ಪದವಿ ಹೊಂದಿದ್ದ ಎಫುನ್‌ಸೆತಾನ್ ಅನಿವುರಾ, 1874ರಲ್ಲಿ ಕೊಲೆಯಾಗುವ ಹೊತ್ತಿಗೆ ನಗರದ ಅತಿ ಶ್ರೀಮಂತ ವ್ಯಾಪಾರಿಗಳಲ್ಲಿ ಒಬ್ಬರು. ಅವರ ಹೊಲಗಳಲ್ಲಿ ನೂರಾರು ಗುಲಾಮರು ದುಡಿಯುತ್ತಿದ್ದರು. ಗುಲಾಮರ ವ್ಯಾಪಾರದಲ್ಲಿ ಮುಸ್ಲಿಮರ ಕೈಯೂ ಇತ್ತು, ಮುಸ್ಲಿಮೇತರರ ಕೈಯೂ ಇತ್ತು. ಮಾರಲ್ಪಟ್ಟವರಲ್ಲೂ ಇಬ್ಬರೂ ಇದ್ದರು. ಚರಿತ್ರೆಯನ್ನು ಓದುವಾಗ ನಮ್ಮವರ ತಪ್ಪನ್ನು ಮುಚ್ಚಿಡುವುದು ಸತ್ಯಕ್ಕೆ ಬಗೆಯುವ ದ್ರೋಹ.

ಸಾಲ್ವಡೋರಿನ ರಮಝಾನ್

ಹಾಗೆ ಮಾರಲ್ಪಟ್ಟ ಯೊರುಬಾ ಜನ ಅಟ್ಲಾಂಟಿಕ್ ದಾಟಿ ಬ್ರೆಝಿಲ್‌ನ ಬಾಹಿಯಾ ಪ್ರಾಂತ್ಯದ ಸಾಲ್ವಡೋರ್ ನಗರ ತಲುಪಿದರು. ಅಲ್ಲಿ ಅವರನ್ನು ‘ನಾಗೊ’ ಎಂದರು. ಅವರಲ್ಲಿನ ಮುಸ್ಲಿಮರನ್ನು ‘ಮಾಲೆ’ ಎಂದು ಕರೆದರು. ಇಮಾಲೆ ಎಂಬ ಯೊರುಬಾ ಪದವೇ ಸವೆದು ಮಾಲೆ ಆಗಿತ್ತು. ಹಗಲೆಲ್ಲ ಹೊರೆ ಹೊತ್ತು, ಪಲ್ಲಕ್ಕಿ ಹೊತ್ತು ದುಡಿದ ಈ ಜನ ರಾತ್ರಿ ಹೊತ್ತು ಗುಟ್ಟಾಗಿ ಕೂಡಿ ಅರಬಿ ಅಕ್ಷರ ಕಲಿಯುತ್ತಿದ್ದರು. ನಮಾಝ್ ಮಾಡುತ್ತಿದ್ದರು. ಸೇರಿ ಉಣ್ಣುತ್ತಿದ್ದರು. ಇಂತಹ ಸಹಭೋಜನಗಳ ಪ್ರಸ್ತಾಪ ಅಂದಿನ ನ್ಯಾಯಾಲಯದ ಕಡತಗಳಲ್ಲೇ ಬರುತ್ತದೆ. ಒಡೆಯ ಎಸೆದ ಅನ್ನವನ್ನು ಒಬ್ಬನೇ ಮೂಲೆಯಲ್ಲಿ ತಿನ್ನುವ ಗುಲಾಮ, ವಾರಕ್ಕೊಮ್ಮೆಯಾದರೂ ತನ್ನವರ ನಡುವೆ ಕುಳಿತು ತಾನೇ ಗಳಿಸಿದ ಅನ್ನವನ್ನು ಹಂಚಿ ತಿಂದರೆ ಅವನಲ್ಲಿ ಮನುಷ್ಯನೆಂಬ ನೆನಪು ಮರಳುತ್ತದೆ. ಅಧಿಕಾರಿಗಳಿಗೆ ಭಯ ಹುಟ್ಟಿಸಿದ್ದು ಈ ನೆನಪೇ.

1835ರ ಜನವರಿ 24ರ ರಾತ್ರಿ. ಹಿಜರಿ 1250ರ ರಮಝಾನಿನ ಕೊನೆಯ ದಿನಗಳು. ಗುಟ್ಟು ಬಯಲಾಗಿ ಪೊಲೀಸರು ಒಂದು ಮನೆಯ ಬಾಗಿಲು ಬಡಿದಾಗ, ನಿಗದಿಯಾದ ಹೊತ್ತಿಗೆ ಮೊದಲೇ ದಂಗೆ ಸಿಡಿಯಿತು. ಸುಮಾರು 600 ಮಂದಿ ಬೀದಿಗಿಳಿದು ಬೆಳಗಿನ ಜಾವದ ತನಕ ಹೋರಾಡಿದರು. 70ರಷ್ಟು ಮಂದಿ ಪ್ರಾಣ ತೆತ್ತರು. ಸತ್ತವರ ಮೈಮೇಲೆ ಕುರ್‌ಆನಿನ ಸೂಕ್ತಗಳನ್ನು ಬರೆದ ಕಾಗದಗಳು ಸಿಕ್ಕವು. ಅವುಗಳಲ್ಲಿ ಕೆಲವು ಇಂದಿಗೂ ಬಾಹಿಯಾದ ಪತ್ರಾಗಾರದಲ್ಲಿವೆ. ನಾಲ್ವರನ್ನು ಗುಂಡಿಕ್ಕಿ ಕೊಂದರು. ಅನೇಕರಿಗೆ ಛಡಿಯೇಟು ಬಿತ್ತು. ನೂರಾರು ಮಂದಿಯನ್ನು ಆಫ್ರಿಕಾಕ್ಕೆ ಗಡೀಪಾರು ಮಾಡಿದರು.

ಆ ನಗರದ ಬೀದಿಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಮಾರುತ್ತಿದ್ದ ಆಫ್ರಿಕನ್ ಹೆಂಗಸರಿದ್ದರು. ಅವರಲ್ಲಿ ಲೂಯಿಝಾ ಮಾಹಿನ್ ಎಂಬವರ ಹೆಸರು ಉಳಿದುಕೊಂಡಿದೆ. ಬ್ರೆಝಿಲ್‌ನ ಕವಿ, ಗುಲಾಮಗಿರಿ ವಿರೋಧಿ ವಕೀಲ ಲೂಯಿಸ್ ಗಾಮಾ 1880ರ ಒಂದು ಪತ್ರದಲ್ಲಿ ತನ್ನ ತಾಯಿಯ ಬಗ್ಗೆ ಬರೆದರು. ಆಕೆ ನಾಗೊ ಕುಲದ ಸ್ವತಂತ್ರ ಮಹಿಳೆ, ಬೀದಿ ವ್ಯಾಪಾರಿ, ಕೊನೆಯ ತನಕ ಕ್ರೈಸ್ತ ದೀಕ್ಷೆ ಸ್ವೀಕರಿಸದವಳು, ದಂಗೆಗಳಲ್ಲಿ ಪಾಲ್ಗೊಂಡ ಶಂಕೆಯಿಂದ ಹಲವು ಬಾರಿ ಸೆರೆಯಾದವಳು ಎಂದು. ಆ ತಾಯಿಯ ಮಗನನ್ನು ಹತ್ತನೆಯ ವಯಸ್ಸಿನಲ್ಲಿ ಅವನ ಬಿಳಿ ತಂದೆಯೇ ಗುಲಾಮನಾಗಿ ಮಾರಿದ್ದ. ಆ ಹುಡುಗ ಬೆಳೆದು, ತಾನೇ ಓದಿ ಕಾನೂನು ಕಲಿತು, ನ್ಯಾಯಾಲಯದ ಮೂಲಕ 500ಕ್ಕೂ ಹೆಚ್ಚು ಗುಲಾಮರನ್ನು ಬಿಡುಗಡೆಗೊಳಿಸಿದ.

ಯೊರುಬಾ ಹೆಂಗಸರು ಬಾಹಿಯಾಕ್ಕೆ ಕೊಂಡೊಯ್ದ ತಿನಿಸುಗಳಲ್ಲಿ ‘ಅಕಾರಾ’ ಮುಖ್ಯವಾದುದು. ನೆನೆಹಾಕಿ ಸಿಪ್ಪೆ ತೆಗೆದ ಅಲಸಂದೆಯನ್ನು ಈರುಳ್ಳಿ, ಮೆಣಸಿನಕಾಯಿಯೊಂದಿಗೆ ರುಬ್ಬಿ ಎಣ್ಣೆಯಲ್ಲಿ ಕರಿದ ವಡೆಯಿದು. ನಮ್ಮ ಅಲಸಂದೆ ವಡೆಗೂ ಇದಕ್ಕೂ ಎಣ್ಣೆಯ ವಾಸನೆಯೊಂದೇ ವ್ಯತ್ಯಾಸ ಎನ್ನಬಹುದು. ‘ಅಕಾರಾ ತಿನ್ನಿ’ ಎಂಬ ಯೊರುಬಾ ಮಾತೇ ಬ್ರೆಝಿಲ್‌ನಲ್ಲಿ ‘ಅಕರಾಜೆ’ ಆಯಿತು. ಭಾಷೆ ಕಳೆದುಹೋಯಿತು, ಹೆಸರು ಬದಲಾಯಿತು, ಆದರೆ ವಡೆ ಉಳಿಯಿತು. ಬಿಳಿ ಉಡುಪಿನ ಅಕರಾಜೆ ಮಾರಾಟಗಾರ್ತಿಯರ ಕಸುಬನ್ನು ಬ್ರೆಝಿಲ್ ಸರಕಾರ 2005ರಲ್ಲಿ ರಾಷ್ಟ್ರೀಯ ಪರಂಪರೆಯೆಂದು ದಾಖಲಿಸಿತು. ಒಂದು ಕಾಲದಲ್ಲಿ ಯಾರ ಬೆನ್ನ ಮೇಲೆ ಛಡಿಯೇಟು ಬಿದ್ದಿತ್ತೋ ಅವರ ಮೊಮ್ಮಕ್ಕಳ ಬಾಣಲೆಗೆ ಸರಕಾರದ ಮುದ್ರೆ ಬಿತ್ತು.

ಮರಳಿ ಬಂದವರ ಮರಗೆಣಸು

1835ರ ದಂಗೆಯ ನಂತರ ಗಡೀಪಾರಾದವರು, ತಮ್ಮ ಬಿಡುಗಡೆಯನ್ನು ದುಡ್ಡು ಕೊಟ್ಟು ಕೊಂಡವರು, ಭಯದಿಂದ ಹೊರಟವರು ಹೀಗೆ ಸಾವಿರಾರು ಮಂದಿ ದಶಕಗಳ ಕಾಲ ಆಫ್ರಿಕಾದ ತೀರಕ್ಕೆ ಮರಳಿದರು. ಲಾಗೋಸ್‌ನಲ್ಲಿ ಅವರನ್ನು ‘ಅಗುಡಾ’ ಎಂದರು. ಇನ್ನೊಂದು ಗುಂಪು ಸಿಯೆರಾ ಲಿಯೋನ್‌ನಿಂದ ಬಂದಿತು. ಬ್ರಿಟಿಷ್ ನೌಕಾಪಡೆ ಗುಲಾಮರ ಹಡಗುಗಳನ್ನು ತಡೆದು ಅಲ್ಲಿ ಇಳಿಸಿದ್ದವರು ಮತ್ತು ಅವರ ಮಕ್ಕಳಿವರು. ಇವರ ಹೆಸರು ‘ಸಾರೊ’.

ಇವರು ಕೈಬೀಸಿಕೊಂಡು ಬರಲಿಲ್ಲ. ಅಗುಡಾಗಳು ಕಲ್ಲುಕುಟಿಗರು, ಬಡಗಿಗಳು, ದರ್ಜಿಗಳು. ಲಾಗೋಸ್‌ನ ಪ್ರಸಿದ್ಧ ಶಿಟ್ಟಾ ಬೇ ಮಸೀದಿ ಇವೆರಡೂ ಗುಂಪುಗಳು ಕೂಡಿ ಆದ ಕೆಲಸ. ಹಣ ಕೊಟ್ಟ ಮುಹಮ್ಮದ್ ಶಿಟ್ಟಾ ಸಿಯೆರಾ ಲಿಯೋನ್‌ನಲ್ಲಿ ಹುಟ್ಟಿದ ವ್ಯಾಪಾರಿ. ಕಟ್ಟಿದವರು ಬ್ರೆಝಿಲ್‌ನಿಂದ ಮರಳಿದ ಜೋವಾವ್ ಬಾಪ್ಟಿಸ್ಟಾ ಡ ಕೋಸ್ಟಾ. 1894ರಲ್ಲಿ ಮಸೀದಿ ಉದ್ಘಾಟನೆಯಾದಾಗ ಉಸ್ಮಾನಿ ಸುಲ್ತಾನ್ ಅಬ್ದುಲ್ ಹಮೀದರ ಪ್ರತಿನಿಧಿಯಾಗಿ ಬಂದವರು ಲಿವರ್‌ಪೂಲ್‌ನ ನವಮುಸ್ಲಿಮ್ ಅಬ್ದುಲ್ಲಾ ಕ್ವಿಲಿಯಮ್.

ಮಸೀದಿಯ ಗೋಡೆಗಳಂತೆಯೇ ಅಡುಗೆಯೂ ಕಡಲಾಚೆಯಿಂದ ಬಂದಿತು. ಮರಗೆಣಸು ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರು ಅದನ್ನು ಹದಿನಾರನೆಯ ಶತಮಾನದಲ್ಲೇ ಪಶ್ಚಿಮ ಆಫ್ರಿಕಾಕ್ಕೆ ತಂದಿದ್ದರೂ ಯೊರುಬಾ ನಾಡಿನಲ್ಲಿ ಅದು ಹರಡಲಿಲ್ಲ. ಕಾರಣ, ಕಹಿ ಜಾತಿಯ ಮರಗೆಣಸಿನಲ್ಲಿ ವಿಷವಿದೆ. ಹಸಿಯಾಗಿ ತಿಂದರೆ ಪ್ರಾಣಕ್ಕೆ ಅಪಾಯ. ಅದನ್ನು ತುರಿದು, ಹುಳಿ ಬರಿಸಿ, ಚೀಲದಲ್ಲಿ ಕಟ್ಟಿ ಭಾರ ಹೇರಿ ನೀರು ಹಿಂಡಿ, ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದರೆ ವಿಷ ಹೋಗಿ ರವೆಯಂತಹ ‘ಗಾರಿ’ ಸಿಗುತ್ತದೆ. ಈ ವಿದ್ಯೆಯನ್ನು ಬ್ರೆಝಿಲ್‌ನ ಮೂಲನಿವಾಸಿಗಳು ಶತಮಾನಗಳಿಂದ ಬಲ್ಲವರು. ಅವರಿಂದ ಕಲಿತ ಗುಲಾಮರು ಹತ್ತೊಂಬತ್ತನೆಯ ಶತಮಾನದಲ್ಲಿ ಮರಳಿ ಬರುವಾಗ ಅದನ್ನು ಕೈಯಲ್ಲೇ ತಂದರು. ಅವರ ಮೂಲಕ ಲಾಗೋಸ್ ಸುತ್ತಮುತ್ತ ಗಾರಿ ಹಬ್ಬಿತು. ಬಿಸಿನೀರಿಗೆ ಗಾರಿ ಹಾಕಿ ತಿರುವಿದರೆ ‘ಎಬಾ’ ಎಂಬ ಮುದ್ದೆ. ತಣ್ಣೀರು, ಸಕ್ಕರೆ ಬೆರೆಸಿದರೆ ವಿದ್ಯಾರ್ಥಿಗಳ ಹಾಸ್ಟೆಲ್ ಊಟ. ಇಂದು ಮರಗೆಣಸಿನ ಉತ್ಪಾದನೆಯಲ್ಲಿ ನೈಜೀರಿಯಾ ಜಗತ್ತಿನಲ್ಲೇ ಮೊದಲ ಸ್ಥಾನದಲ್ಲಿದೆ.

ಮೆಣಸಿನಕಾಯಿ, ಟೊಮೆಟೊ, ಮುಸುಕಿನ ಜೋಳವೂ ಅಮೆರಿಕದಿಂದಲೇ ಬಂದವು. ಅವಿಲ್ಲದ ಯೊರುಬಾ ಅಡುಗೆಯನ್ನು ಇಂದು ಊಹಿಸಲೂ ಆಗದು. ನಮ್ಮ ಕಥೆಯೂ ಬೇರೆಯಲ್ಲ. ಪೋರ್ಚುಗೀಸರ ಹಡಗಿನಲ್ಲಿ ಗೋವಾಕ್ಕೆ ಬಂದಿಳಿದ ಮೆಣಸಿನಕಾಯಿಗೆ ನಾವು ನಮ್ಮ ಕಾಳುಮೆಣಸಿನ ಹೆಸರನ್ನೇ ಕೊಟ್ಟು ಮನೆಯವರನ್ನಾಗಿ ಮಾಡಿಕೊಂಡೆವು. ಅದಕ್ಕಿಂತ ಸಾವಿರಾರು ವರ್ಷ ಮೊದಲು ರಾಗಿ, ಜೋಳ, ಅಲಸಂದೆ ಆಫ್ರಿಕಾದಿಂದ ನಮ್ಮಲ್ಲಿಗೆ ಬಂದಿದ್ದವು. ಅಮಲಾದ ತಟ್ಟೆಯ ಮುಂದೆ ಕುಳಿತ ಕನ್ನಡಿಗನಿಗೆ ಅದು ಪರಿಚಿತವೆನಿಸಿದರೆ ಅಚ್ಚರಿಯಿಲ್ಲ. ಅವನ ಮುದ್ದೆಯ ಧಾನ್ಯವೇ ಆ ಖಂಡದ್ದು.

ಮೀನು ಮಾರುವ ನಾಯಕಿ

ವಸಾಹತು ಆಡಳಿತ ಬಂದ ಮೇಲೆ ಊಟದಂಗಡಿಗಳ ಅಗತ್ಯ ಇನ್ನೂ ಹೆಚ್ಚಿತು. 1901ರಲ್ಲಿ ಲಾಗೋಸ್‌ನಿಂದ ಇಬಾದಾನಿಗೆ ರೈಲು ಬಂದಿತು. ಮನೆ ಬಿಟ್ಟು ಬಂದ ಕೂಲಿಗಳು, ಗುಮಾಸ್ತರು, ಆಮೇಲೆ ಲಾರಿ ಚಾಲಕರು ನಗರಗಳಲ್ಲಿ ತುಂಬಿದರು. ಅವರ ಹೊಟ್ಟೆ ತುಂಬಿಸಿದ್ದು ಮಾರುಕಟ್ಟೆಯ ಹೆಂಗಸರು. ಈ ಹೆಂಗಸರ ಶಕ್ತಿ ಎಂತಹದೆಂದು ಬ್ರಿಟಿಷರಿಗೆ ತಿಳಿದದ್ದು ಅಲಿಮೊತು ಪೆಲೆವುರಾ ಅವರಿಂದ.

ಪೆಲೆವುರಾ ಲಾಗೋಸ್‌ನ ಎರೆಕೊ ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದ ಮುಸ್ಲಿಮ್ ಮಹಿಳೆ. ಶಾಲೆಯ ಮುಖ ಕಂಡವರಲ್ಲ. ಲಾಗೋಸ್ ಮಾರುಕಟ್ಟೆ ಮಹಿಳೆಯರ ಸಂಘಕ್ಕೆ ಅವರೇ ನಾಯಕಿ. 1940ರಲ್ಲಿ ಸರಕಾರ ಹೆಂಗಸರ ಆದಾಯಕ್ಕೆ ತೆರಿಗೆ ಹಾಕಹೊರಟಾಗ ಅವರ ಮುಂದಾಳತ್ವದಲ್ಲಿ ಹೆಂಗಸರು ಮಾರುಕಟ್ಟೆ ಮುಚ್ಚಿ ಅಧಿಕಾರಿಗಳ ಕಚೇರಿಗೆ ಮೆರವಣಿಗೆ ಹೋದರು. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಸರಕಾರ ಪುಲೆನ್ ಎಂಬ ಅಧಿಕಾರಿಯ ಮೂಲಕ ಗಾರಿ ಮತ್ತಿತರ ಆಹಾರಗಳಿಗೆ ಬೆಲೆ ನಿಗದಿಪಡಿಸಿತು. ಹಳ್ಳಿಯಿಂದ ತರುವ ಖರ್ಚೂ ಹುಟ್ಟದಂತಹ ಬೆಲೆ. ಸರಕು ಮಾರುಕಟ್ಟೆಯಿಂದ ಮಾಯವಾಯಿತು, ಬಡವರು ಹಸಿದರು, ಕಟ್ಟಳೆ ಮೀರಿದ ಹೆಂಗಸರ ಮೇಲೆ ಮೊಕದ್ದಮೆಗಳು ಬಿದ್ದವು. ತಮಗೆ ಸಹಕರಿಸಿದರೆ ಸಂಬಳ ಕೊಡುವುದಾಗಿ ಅಧಿಕಾರಿ ಪೆಲೆವುರಾಗೆ ಆಮಿಷವೊಡ್ಡಿದ. ಅವರು ಒಪ್ಪಲಿಲ್ಲ. ತಮ್ಮ ಜನರನ್ನು ಹಸಿವಿಗೆ ದೂಡಿ ಹಣ ಪಡೆಯಲು ತಯಾರಿರಲಿಲ್ಲ. ವರ್ಷಗಳ ಪ್ರತಿರೋಧದ ಬಳಿಕ 1945ರಲ್ಲಿ ಆ ಬೆಲೆ ನಿಯಂತ್ರಣ ಕೊನೆಗೊಂಡಿತು. ಪೆಲೆವುರಾ 1951ರಲ್ಲಿ ತೀರಿಕೊಂಡರು. ನೈಜೀರಿಯಾದ ಸ್ವಾತಂತ್ರ್ಯವನ್ನು ನೋಡಲು ಅವರಿಗೆ ಆಗಲಿಲ್ಲ. ಆದರೆ ಆ ಸ್ವಾತಂತ್ರ್ಯದ ದಾರಿಯಲ್ಲಿ ಓದು ಬಾರದ ಒಬ್ಬ ಮುಸ್ಲಿಮ್ ಮಹಿಳೆಯ ಹೆಜ್ಜೆಗುರುತು ಸ್ಪಷ್ಟವಾಗಿದೆ. ಮುಸ್ಲಿಮ್ ಮಹಿಳೆ ಎಂದರೆ ನಾಲ್ಕು ಗೋಡೆಗಳ ನಡುವೆ ಬಂದಿಯಾದವಳು ಎಂದೇ ಚಿತ್ರಿಸುವವರು ಒಮ್ಮೆ ಲಾಗೋಸ್‌ನ ಮಾರುಕಟ್ಟೆಯ ಚರಿತ್ರೆಯನ್ನು ಓದಬೇಕು.

ಒಂದೇ ಬೆಂಚು

ಯೊರುಬಾ ಜನರಲ್ಲಿ ಮುಸ್ಲಿಮರು ಮತ್ತು ಕ್ರೈಸ್ತರು ಹೆಚ್ಚುಕಡಿಮೆ ಸಮಸಂಖ್ಯೆಯಲ್ಲಿದ್ದಾರೆ. ಪೂರ್ವಿಕರ ಒರಿಶಾ ದೈವಗಳನ್ನು ನಂಬುವವರೂ ಇದ್ದಾರೆ. ಒಂದೇ ಮನೆಯಲ್ಲಿ ಅಣ್ಣ ಮುಸ್ಲಿಮ್, ತಂಗಿ ಕ್ರೈಸ್ತಳಾಗಿರುವುದು ಅಲ್ಲಿ ಸುದ್ದಿಯೇ ಅಲ್ಲ. ಈದುಲ್ ಅಝ್‌ಹಾವನ್ನು ಅವರು ‘ಇಲೆಯಾ’ ಎನ್ನುತ್ತಾರೆ. ‘ಮನೆಗೆ ಹೋಗುವ ಹೊತ್ತಾಯಿತು’ ಎಂದು ಅದರ ಅರ್ಥ. ಅಂದು ಬಲಿಮಾಂಸ ಕ್ರೈಸ್ತ ನೆರೆಯವರ ಮನೆಗೂ ಹೋಗುತ್ತದೆ. ಕ್ರಿಸ್‌ಮಸ್ ದಿನ ಅನ್ನದ ತಟ್ಟೆ ಮುಸ್ಲಿಮರ ಮನೆಗೆ ಬರುತ್ತದೆ. ಅರಬಿಯ ‘ಸದಕಾ’ ಯೊರುಬಾ ನಾಲಗೆಯಲ್ಲಿ ‘ಸಾರಾ’ ಆಗಿದೆ. ಸಾರಾ ಎಂದರೆ ದಾನವಾಗಿ ಹಂಚುವ ಆಹಾರ. ತುಂಬು ಬಾಳು ಬಾಳಿದ ಹಿರಿಯರು ತೀರಿಕೊಂಡರೆ ಅಕಾರಾ ಕರಿದು ನೆರೆಹೊರೆಗೆ ಹಂಚುವುದು ಅಲ್ಲಿನ ಹಳೆಯ ಪದ್ಧತಿ. ಪಡೆಯುವವರು ಯಾವ ಧರ್ಮದವರು ಎಂದು ಯಾರೂ ಕೇಳುವುದಿಲ್ಲ.

ಬುಕಾ ಈ ಬದುಕಿನ ಮುಂದುವರಿಕೆ. ಅಡುಗೆಯಾಕೆಯನ್ನು ಸ್ವಂತ ಹೆಸರಿನಿಂದ ಯಾರೂ ಕರೆಯುವುದಿಲ್ಲ. ‘ಇಯಾ’ ಅಂದರೆ ತಾಯಿ. ಅದರ ಮುಂದೆ ಅವರ ಮಗುವಿನ ಹೆಸರು. ನಮ್ಮ ಕರಾವಳಿಯಲ್ಲಿ ‘ರಶೀದನ ಉಮ್ಮ’ ಎನ್ನುವ ಹಾಗೆ. ದುಡಿದು ಉಳಿಸಿ ಹಜ್ಜ್ ಮಾಡಿ ಬಂದವರಾದರೆ ‘ಅಲ್‌ಹಾಜಾ’ ಎಂಬ ಗೌರವ. ಅಂತಹ ಅಲ್‌ಹಾಜಾರ ಬುಕಾದಲ್ಲಿ ಭಾನುವಾರ ಚರ್ಚಿನಿಂದ ಬಂದವರು ಉಣ್ಣುತ್ತಾರೆ. ಕ್ರೈಸ್ತ ಮಹಿಳೆಯ ಬುಕಾದಲ್ಲಿ ಜುಮಾ ಮುಗಿಸಿ ಬಂದವರು ಕೂರುತ್ತಾರೆ.

ಇದನ್ನು ಹೇಳುವಾಗ ಆ ನಾಡನ್ನು ಸ್ವರ್ಗವೆಂದು ಬಿಂಬಿಸಬೇಕಾಗಿಲ್ಲ. ಶಾಲೆಗಳಲ್ಲಿ ಹಿಜಾಬಿನ ಪ್ರಶ್ನೆ 2016ರಲ್ಲಿ ಒಸುನ್ ರಾಜ್ಯದಲ್ಲೂ 2021ರಲ್ಲಿ ಇಲೊರಿನ್ ಇರುವ ಕ್ವಾರಾ ರಾಜ್ಯದಲ್ಲೂ ಕಾವೇರಿತ್ತು. ಆದರೆ ಆ ಜಗಳ ಊಟದ ಬೆಂಚಿನ ತನಕ ಬರಲಿಲ್ಲ ಎಂಬುದು ಗಮನಾರ್ಹ. ಯಾರ ಅಂಗಡಿಯಲ್ಲಿ ಉಣ್ಣಬೇಕು, ಯಾರ ಅಂಗಡಿಯಲ್ಲಿ ಉಣ್ಣಬಾರದು ಎಂಬ ಫಲಕಗಳನ್ನು ನಮ್ಮ ಜಾತ್ರೆಗಳಲ್ಲಿ ಕಂಡವರಿಗೆ ಈ ವ್ಯತ್ಯಾಸ ಮನಸ್ಸಿಗೆ ತಟ್ಟದೆ ಇರದು. ಜೊತೆಗೆ ಕೂತು ಉಂಡವರ ನಡುವೆ ಜಗಳವಾಗುವುದಿಲ್ಲ ಎಂದಲ್ಲ. ಜಗಳವಾದರೂ ಮರುದಿನ ಮಧ್ಯಾಹ್ನ ಮತ್ತೆ ಅದೇ ಬೆಂಚಿಗೆ ಬರಬೇಕಲ್ಲ!

ಇಂದು ಬುಕಾಗಳಿಗೆ ಎದುರಾಗಿರುವುದು ಧರ್ಮದ ಸಮಸ್ಯೆಯಲ್ಲ, ಬೆಲೆಯದ್ದು. 2023ರಲ್ಲಿ ಪೆಟ್ರೋಲ್ ಸಬ್ಸಿಡಿ ತೆಗೆದು, ನೈರಾ ಹಣದ ಮೌಲ್ಯವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ನೈಜೀರಿಯಾದಲ್ಲಿ ಆಹಾರದ ಬೆಲೆ ಗಗನಕ್ಕೇರಿತು. 2024ರ ಮಧ್ಯದ ವೇಳೆಗೆ ಆಹಾರದ ಹಣದುಬ್ಬರ ಶೇ. 40 ದಾಟಿತ್ತು. ಅಂತಹ ಹೊತ್ತಿನಲ್ಲಿ ಅಡುಗೆಯಾಕೆಗೆ ಎರಡೇ ದಾರಿ. ಮುದ್ದೆಯ ದರ ಏರಿಸುವುದು ಅಥವಾ ಮುದ್ದೆಯನ್ನು ಚಿಕ್ಕದಾಗಿಸುವುದು. ಗಿರಾಕಿಗೂ ಎರಡೇ ದಾರಿ. ಮಾಂಸದ ತುಂಡು ಕಡಿಮೆ ಮಾಡುವುದು ಅಥವಾ ಬರಿಯ ಸಾರಿನಲ್ಲಿ ಊಟ ಮುಗಿಸುವುದು. ಪುಲೆನ್‌ನ ಕಾಲದಲ್ಲಿ ಪೆಲೆವುರಾ ಎತ್ತಿದ ಪ್ರಶ್ನೆ, ಬಡವನ ತಟ್ಟೆಯ ಬೆಲೆಯನ್ನು ನಿರ್ಧರಿಸುವವರು ಯಾರು ಎಂಬುದು, ಇನ್ನೂ ಹಳತಾಗಿಲ್ಲ.

ಆದರೂ ಇಬಾದಾನಿನಲ್ಲಿ ಬೆಳಗಾಗುತ್ತಲೇ ಒಲೆ ಹೊತ್ತುತ್ತದೆ. ಓಯೊದಿಂದ ಓಡಿಬಂದವರ ಅಮಲಾ, ಬ್ರೆಝಿಲ್‌ನಿಂದ ಮರಳಿದವರ ಗಾರಿ, ಸಾಲ್ವಡೋರಿನ ಬೀದಿಗಳನ್ನು ಕಂಡುಬಂದ ಅಕಾರಾ ಒಂದೇ ಸೂರಿನಡಿ ಬೇಯುತ್ತವೆ. ಮಧ್ಯಾಹ್ನ ಜನ ಬಂದು ಸಾಲು ನಿಲ್ಲುತ್ತಾರೆ. ಅವರಲ್ಲಿ ಯಾರೂ ಈ ಚರಿತ್ರೆಯನ್ನೆಲ್ಲ ನೆನಪಿಸಿಕೊಳ್ಳುವುದಿಲ್ಲ. ಹಸಿದವರು ಪಾತ್ರೆಯತ್ತ ಬೆರಳು ತೋರಿಸಿ ‘ಅಮ್ಮಾ, ಹಾಕು’ ಎನ್ನುತ್ತಾರೆ. ಆಕೆ ಸೌಟು ಎತ್ತುತ್ತಾರೆ.